ಮಸುಕು ಹಾಕುವವಳು

ಸಿಗರೇಟು ಕಂಡರೆ ಮಸುಕು, ಮದ್ಯದ ಗ್ಲಾಸು ಕಂಡರೆ ಮಸುಕು.
ಹೆಣಕ್ಕೆ ಬೇಡ. ಹೆಣ ಢಾಳಾಗಿ ಕಾಣಬಹುದು,
ಗಂಟಲು ಸೀಳಿದ್ದು, ನೆತ್ತರು ಮೆಟ್ಟಿಲಿಳಿದದ್ದು, ಎಲ್ಲ.
ಹೆಣದ ಬೆರಳ ಸಂದಿಯಲ್ಲಿ ಉರಿಯುವ ತುಂಡೊಂದಿದ್ದರೆ
ಅದಕ್ಕಷ್ಟೇ ನನ್ನ ಬೂದು ಬೊಟ್ಟು.
ಇಸ್ತಾಂಬುಲಿನ ಲೆವೆಂಟಿನಲ್ಲಿ, ಒಂದು ನೆಲಮಾಳಿಗೆಯಲ್ಲಿ,
ಒಂಬತ್ತು ವರ್ಷದಿಂದ ಇದೇ ನನ್ನ ರೊಟ್ಟಿ.

ಈ ಸಲದ ಧಾರಾವಾಹಿಯಲ್ಲಿ ಹಳೆಯ ವಠಾರ, ಹತ್ತೊಂಬತ್ತು ಮನೆ.
ಲಿಫ್ಟಿನ ಬಾವಿಗೆ ಬಿದ್ದು ಸತ್ತವನು ಜಿಹ್ನಿ, ಗಡಿಯಾರ ರಿಪೇರಿಯವನು,
ಲೆಕ್ಕದ ಪುಸ್ತಕ ತೋರಿಸಿ ಎಂದು ಕೇಳಿದ ಮಾರನೆಯ ರಾತ್ರಿ.
ಕೂಗು ಕೇಳಿಸಿತೇ?
ಐದನೆಯ ಮನೆ: ನಮ್ಮ ಟೀವಿ ಜೋರಾಗಿತ್ತು.
ಹನ್ನೆರಡನೆಯ ಮನೆ: ನಮ್ಮದೂ.
ಮೂವತ್ತೇಳು ವಾರ ಇನ್‌ಸ್ಪೆಕ್ಟರ್ ಹಾಲೂಕ್
ಕೋಟಿನ ಕಾಲರೆತ್ತಿ ಮೆಟ್ಟಿಲು ಹತ್ತಿದ, ಇಳಿದ
(ಲಿಫ್ಟು ಕೊನೆತನಕ ಕೆಟ್ಟೇ ಇತ್ತು),
ಮೂವತ್ತೇಳು ವಾರ ನಾನು ಅವನ ತುಟಿಗೆ ಮಸುಕು ಮೆತ್ತಿದೆ.

ಕೊನೆಯ ಕಂತು.
ಎಲ್ಲರನ್ನೂ ಬಾಯ್ಲರ್ ಕೋಣೆಯಲ್ಲಿ ಸೇರಿಸಿ ಅವನು ಕೇಳುವುದು
ಕೊಂದವರಾರು ಎಂದಲ್ಲ. ಅದು ಗೊತ್ತೇ ಇದೆ;
ವಠಾರದ ಯಜಮಾನ ಅಲ್ಲೇ ಕೂತಿದ್ದಾನೆ, ಪಿಸ್ತಾ ಸುಲಿಯುತ್ತ.
"ಲಿಫ್ಟಿನ ಬೀಗದ ಕೈ ಇವನಿಗೆ ಕೊಟ್ಟ ಕೈ ಯಾವುದು?
ಪ್ರತಿ ವರ್ಷವೂ?"
ಮೊದಲು ಮೂರನೆಯ ಮನೆಯ ನಿವೃತ್ತ ಟೀಚರಿನದು ಎದ್ದಿತು.
ಆಮೇಲೆ ಇನ್ನೊಂದು. ಹಾಲು ಉಕ್ಕಿ ಬರುವ ಹಾಗೆ,
ನಿಧಾನ ನಿಧಾನ, ಆಮೇಲೆ ತಡೆಯಲಾಗದೆ,
ಹತ್ತೊಂಬತ್ತು ಕೈ.
ಸಂಗೀತವಿಲ್ಲ. ನನ್ನ ಹೆಡ್‌ಫೋನಿನಲ್ಲಿ
ತೋಳಿನ ಬಟ್ಟೆ ಜಾರಿದ ಸದ್ದು.

ಪ್ರಸಾರ ಎಂಟಕ್ಕೆ. ಐದಕ್ಕೆ ಮೇಲಿನಿಂದ ಫೋನು:
"ಕೈಗಳಿಗೆ ಮಸುಕು ಹಾಕು."
ಕೈಯಲ್ಲಿ ಏನೂ ಇಲ್ಲವಲ್ಲ?
"ಅದಕ್ಕೇ."
ಕುಂಬಳಕಾಯಿ ಕಳ್ಳ ಅಂದದ್ದು ಧಾರಾವಾಹಿ,
ಹೆಗಲು ಮುಟ್ಟಿ ನೋಡಿಕೊಂಡದ್ದು ಯಾವ ಮಹಡಿಯೋ.
ಪಕ್ಕದ ಕುರ್ಚಿಯ ತುಂಜಾಯ್ ಸೂರ್ಯಕಾಂತಿ ಸಿಪ್ಪೆ ಉಗಿದು ನಕ್ಕ.
ಹತ್ತೊಂಬತ್ತು ಬೂದು ಉಂಡೆ ಕಟ್ಟಿದೆ,
ಒಂದೊಂದನ್ನೂ ಅದರದರ ಕೈಯ ಜತೆ ಮೇಲಕ್ಕೆ ನಡೆಸಿದೆ, ಫ್ರೇಮು ಫ್ರೇಮಿಗೆ.
ಬೇಡದ ಕೆಲಸವೂ ನನಗೆ ಅಚ್ಚುಕಟ್ಟಾಗಿಯೇ ಬರುತ್ತದೆ.

ಹತ್ತೂಕಾಲಿಗೆ ಕೆಳಮನೆಯ ಮುಜೆಯ್ಯೆನ್ ಅತ್ತೆಯ ಫೋನು:
ಮಗಳೇ, ನಮ್ಮ ಟೀವಿ ಕೆಟ್ಟಿದೆ ಕಣೆ, ಕೈಗಳೆಲ್ಲ ಕರಗುತ್ತಿವೆ,
ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ.
(ನಾನು ಬ್ಯಾಂಕಿನಲ್ಲಿದ್ದೇನೆ ಅಂದುಕೊಂಡಿದ್ದಾಳೆ ಅವಳು.)

ಬೆಳಗ್ಗೆ ಉಸ್ಕುದಾರಿನ ಹಡಗಿನಲ್ಲಿ ಅದೇ ಮಾತು.
ಎಳ್ಳುಬಳೆ ಮಾರುವವ ಹೇಳಿದ: ಎಲ್ಲರ ಕೈಯಲ್ಲೂ ಚಾಕು, ನಾ ಕಂಡೆ.
ಕಾಲೇಜು ಹುಡುಗಿ: ಚಾಕಲ್ಲ, ಮತಚೀಟಿ. ಮಡಿಕೆ ಕಾಣಲಿಲ್ಲವೇ?
ಒಬ್ಬ ಮುದುಕ: ನೋಟು. ಇನ್ನೇನಿದ್ದೀತು?
ಬರೆದವಳು ಸೆಮಿಹಾ, ಅವಳಿಗೂ ಇಷ್ಟು ಹೊಳೆದಿರಲಿಕ್ಕಿಲ್ಲ.
ಅಂಗೈ, ಬರಿಯ ಅಂಗೈ, ಎನ್ನಬೇಕೆನಿಸಿತು.
ಚಹಾ ಬಿಸಿಯಿತ್ತು. ನಾಲಿಗೆ ಸುಟ್ಟುಕೊಂಡು ಸುಮ್ಮನಾದೆ.

ಭಾನುವಾರ ನಮ್ಮದೇ ಕಟ್ಟಡದ ಸಭೆ, ನಮ್ಮದೇ ಬಾಯ್ಲರಿನ ಪಕ್ಕ.
ರುಕ್ನೆತ್ತಿನ್ ಬೇ ಕಲ್ಲಿದ್ದಲಿನ ಲೆಕ್ಕ ಓದಿದರು
(ಗ್ಯಾಸು ಬಂದು ಹನ್ನೊಂದು ವರ್ಷ).
ಇನ್ನೊಂದು ವರ್ಷ ನಾನೇ ಮುಂದುವರಿಯಲೇ? ಒಪ್ಪುವವರು?
ಕೈಗಳು ಎದ್ದವು, ರೂಢಿ.
ಮುಜೆಯ್ಯೆನ್ ಅತ್ತೆಯದು ಕಿವಿಯ ತನಕ ಬಂದು ನಿಂತಿತು.
ಅಂಗೈ ತಿರುಗಿಸಿ ನೋಡಿಕೊಂಡಳು, ಏನಾದರೂ ಅಂಟಿದೆಯೋ ಎಂಬಂತೆ,
ನೋಡಿ, ಸ್ವೆಟರಿನ ಜೇಬಿಗೆ ಇಳಿಸಿದಳು.
"ಸರ್ವಾನುಮತ." ರುಕ್ನೆತ್ತಿನ್ ಬೇ ಎಣಿಸದೆ ಬರೆದುಕೊಂಡರು.

ನನ್ನ ಕೈ?
ಎಲ್ಲಿತ್ತೋ.
ಆ ಫ್ರೇಮಿಗೆ ನಾನು ಆಗಲೇ ಮಸುಕು ಹಾಕಿಬಿಟ್ಟಿದ್ದೇನೆ.